ಹಬ್ಬದೂಟದ ಪಂಕ್ತಿ: ಒಂದು ಚಾರಿತ್ರಿಕ ವಿವೇಚನೆ

ರಾಜರ ಕಾಳಗಗಳನ್ನೂ ದಾನಶಾಸನಗಳನ್ನೂ ಬರೆದಿಟ್ಟಷ್ಟು ಶ್ರದ್ಧೆಯಿಂದ ಗೃಹಸ್ಥರ ಊಟೋಪಚಾರಗಳನ್ನು ಬರೆದಿಟ್ಟವರು ನಮ್ಮ ದೇಶದಲ್ಲಿ ವಿರಳ. ಆದರೂ ಕನ್ನಡ ನಾಡಿನ ಜನಜೀವನವನ್ನು ಅರಿಯಬೇಕೆನ್ನುವವರಿಗೆ ಅರಮನೆಯ ಓಲಗಶಾಲೆಗಿಂತ ನಡುಮನೆಯಲ್ಲಿ ಹಾಸಿದ ಎಲೆಯ ಸಾಲೇ ಹೆಚ್ಚು ಸಂಗತಿಗಳನ್ನು ತಿಳಿಸಬಲ್ಲುದು. ಯುಗಾದಿಯಾಗಲಿ, ಗೌರಿಗಣೇಶರ ಹಬ್ಬವಾಗಲಿ, ದೀಪಾವಳಿಯಾಗಲಿ, ಪೂಜೆ ಮುಗಿದ ಮೇಲೆ ಬಂಧುಮಿತ್ರರೊಡನೆ ಕುಳಿತು ಉಣ್ಣುವುದೇ ಹಬ್ಬದ ಪರಿಪೂರ್ತಿ. ಆ ಊಟವನ್ನು ನಡೆಸುವ ಗೃಹಸ್ಥನೂ ಗೃಹಿಣಿಯೂ ಹಬ್ಬದ ಹಿಂದಿನ ದಿನಗಳಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರವನ್ನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ: ಯಾರನ್ನು ಕರೆಯುವುದು? ಏನನ್ನು, ಎಷ್ಟು ಮಾಡುವುದು? ಯಾರು ಎಲ್ಲಿ, ಯಾವಾಗ ಕುಳಿತು ಉಣ್ಣುವುದು? ಈ ಮೂರು ಪ್ರಶ್ನೆಗಳಿಗೂ ಒಂದೊಂದು ಚರಿತ್ರೆಯುಂಟು. ಅವುಗಳಲ್ಲಿ ಬದಲಾದುದು ಯಾವುದು, ನಿಂತುದು ಯಾವುದು, ಬದಲಾಗಬೇಕಾದುದು ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

೧. ಕರೆಯುವುದು

ಅತಿಥಿಸತ್ಕಾರವು ನಮ್ಮಲ್ಲಿ ಕೇವಲ ಲೋಕಾಚಾರವಾಗಿರದೆ ಧರ್ಮಾಂಗವಾಗಿ ಬಂದಿದೆ. ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಮನುಷ್ಯಯಜ್ಞವೆಂಬುದು ಅತಿಥಿಪೂಜೆಯೇ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ವಿದ್ಯಾಭ್ಯಾಸ ಮುಗಿಸಿ ಮನೆಗೆ ಹೊರಡುವ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶದಲ್ಲಿ ಮಾತಾಪಿತೃಗಳ ಮತ್ತು ಆಚಾರ್ಯನ ಸಾಲಿನಲ್ಲಿಯೇ ಅತಿಥಿಗೂ ದೇವಸ್ಥಾನ ದೊರೆತಿದೆ. ಅದೇ ಉಪನಿಷತ್ತಿನ ಭೃಗುವಲ್ಲಿಯು ಅನ್ನವನ್ನು ಸಮೃದ್ಧವಾಗಿ ಸಂಪಾದಿಸಬೇಕೆಂದೂ, ಆಶ್ರಯವನ್ನು ಬೇಡಿ ಬಂದ ಯಾರನ್ನೂ ನಿರಾಕರಿಸಬಾರದೆಂದೂ ವ್ರತರೂಪವಾಗಿ ವಿಧಿಸುತ್ತದೆ.

ಆದರೆ ಶಾಸ್ತ್ರದ ‘ಅತಿಥಿ’ಯೂ ಇಂದು ನಾವು ಹಬ್ಬಕ್ಕೆ ಕರೆಯುವ ನೆಂಟರಿಷ್ಟರೂ ಒಂದೇ ಅಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಒಂದು ರಾತ್ರಿ ಮಾತ್ರ ತಂಗುವವನೇ ಅತಿಥಿಯೆಂದು ಲಕ್ಷಣ ಹೇಳಿದೆ. ಅವನು ಕರೆಯದೆ ಬಂದವನು. ಪ್ರೀತಿಯಿಂದ ಮನೆಗೆ ಬಂದ ಮಿತ್ರರು ಮೊದಲಾದವರ ಮಾತನ್ನು ಸ್ಮೃತಿಕಾರನು ಬೇರೆಯಾಗಿಯೇ ಎತ್ತಿ, ಅವರಿಗೆ ಶಕ್ತ್ಯನುಸಾರ ವಿಶೇಷವಾಗಿ ಅಡಿಗೆ ಮಾಡಿಸಿ, ಪತ್ನಿಯೊಡಗೂಡಿ ಉಣಿಸಬೇಕೆಂದು ವಿಧಿಸುತ್ತಾನೆ. ಇಂದಿನ ಹಬ್ಬದೂಟಕ್ಕೆ ಮೂಲವನ್ನು ಹುಡುಕುವವರು ಅತಿಥಿಪ್ರಕರಣಕ್ಕಿಂತ ಈ ಒಂದು ಶ್ಲೋಕದಲ್ಲಿಯೇ ಅದನ್ನು ಕಾಣಬಹುದು. ‘ಶಕ್ತ್ಯನುಸಾರ’ ಎಂಬ ನಿಬಂಧನೆಯೂ ಅಲ್ಲಿಯೇ ಇರುವುದು ಗಮನಾರ್ಹ. ಸಾಲಮಾಡಿ ಸಂತರ್ಪಣೆ ನಡೆಸೆಂದು ಆ ಸ್ಮೃತಿಕಾರನು ಯಾರಿಗೂ ಹೇಳಿಲ್ಲ.

೨. ಅಡಿಗೆ

ಕನ್ನಡ ನಾಡಿನ ಅಡಿಗೆಯ ಚರಿತ್ರೆಗೆ ಆಧಾರಗಳು ಕಡಮೆಯೇನೂ ಇಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರು ಬಂದಿದೆ. ಸುಮಾರು ಕ್ರಿ. ಶ. ೧೦೨೫ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೈದ್ಯ, ಕೃಷಿ, ಶಕುನಗಳ ಜೊತೆಗೆ ಸೂಪಶಾಸ್ತ್ರಕ್ಕೂ ಒಂದು ಸ್ಥಾನ ದೊರೆತಿದೆ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಸಂಕಲಿಸಿದ ಮಾನಸೋಲ್ಲಾಸದ ‘ಅನ್ನಭೋಗ’ಪ್ರಕರಣವಂತೂ ಅರಮನೆಯ ಪಾಕಶಾಲೆಯ ಬಾಗಿಲನ್ನೇ ನಮಗೆ ತೆರೆದು ತೋರಿಸುತ್ತದೆ. ಇಂದಿನ ಮಂಡಿಗೆ, ಪೂರಿ, ವಡೆ, ದೋಸೆಗಳ ಪೂರ್ವಜರನ್ನು ಅಲ್ಲಿ ಕಾಣಬಹುದು. ಬಗೆಬಗೆಯ ಮಾಂಸದ ಅಡಿಗೆಗಳೂ ಅಲ್ಲಿವೆ. ಇಡ್ಡಲಿಯ ಪೂರ್ವರೂಪವಾದ ‘ಇಡರಿಕಾ’ ಎಂಬುದು ಉದ್ದಿನ ಹಿಟ್ಟಿನಿಂದಲೇ ಆಗುತ್ತಿತ್ತು. ಅದಕ್ಕೆ ಅಕ್ಕಿ ಕೂಡಿದುದು ಅನಂತರದ ಮಾತು.

ಹದಿನಾರನೆಯ ಶತಮಾನದ ಆದಿಯಲ್ಲಿ, ೧೫೦೮ರ ಸುಮಾರಿಗೆ, ಜೈನಕವಿ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಗ್ರಂಥವನ್ನು ಕನ್ನಡ ಪದ್ಯಗಳಲ್ಲಿ ಬರೆದನು. ಹಿಟ್ಟಿನ ತಿಂಡಿಗಳು, ಪಾನಕಗಳು, ಅನ್ನದ ಬಗೆಗಳು, ತರಕಾರಿಯ ಪಾಕಗಳು ಇವೆಲ್ಲವನ್ನೂ ಅವನು ವಿವರಿಸಿದ್ದಾನೆ. ೧೬೯೭ರಿಂದ ೧೭೧೪ರವರೆಗೆ ಆಳಿದ ಕೆಳದಿಯ ಬಸವಪ್ಪ ನಾಯಕನ ಶಿವತತ್ತ್ವರತ್ನಾಕರವು ಪಾಕಶಾಲೆ, ಒಲೆ, ಪಾತ್ರೆಗಳ ವಿಚಾರವನ್ನೂ ಬಿಟ್ಟಿಲ್ಲ.

ಈ ಎರಡು ಗ್ರಂಥಗಳ ನಡುವೆ ನಮ್ಮ ಅಡಿಗೆಯಲ್ಲಿ ಒಂದು ದೊಡ್ಡ ಕ್ರಾಂತಿ ನಡೆದುಹೋಯಿತು. ೧೪೯೮ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಗೆ ಬಂದಿಳಿದನು. ೧೫೧೦ರಲ್ಲಿ ಗೋವೆಯು ಪೋರ್ತುಗೀಸರ ವಶವಾಯಿತು. ಅವರ ಹಡಗುಗಳ ಮೂಲಕ ಅಮೇರಿಕಾ ಖಂಡದ ಮೆಣಸಿನಕಾಯಿ ನಮ್ಮ ಕರಾವಳಿಯನ್ನು ಸೇರಿ ಘಟ್ಟವನ್ನು ಹತ್ತಿತು. ಗೋಡಂಬಿಯೂ ಅವರಿಂದಲೇ ಬಂದುದು. ಆಲೂಗೆಡ್ಡೆ, ಟೊಮೆಟೊ, ಪಲ್ಯಕ್ಕೆ ಬಳಸುವ ಹುರುಳಿಕಾಯಿ ಇವುಗಳೂ ಅದೇ ಖಂಡದವು. ಇವು ಯೂರೋಪಿಯನ್ನರ ಕೈಯಿಂದ ಒಂದೊಂದಾಗಿ ಬಂದು ನೆಲೆಸಿದವು. ಮಂಗರಸನ ಕಾಲದ ಗೃಹಿಣಿಗೆ ಖಾರವೆಂದರೆ ಕರಿಮೆಣಸು, ಶುಂಠಿ, ಹಿಪ್ಪಲಿ ಇಷ್ಟೇ. ಮೆಣಸಿಗೆ ಬದಲಾಗಿ ಬಂದ ಕಾಯಿಯಾದುದರಿಂದಲೇ ಅದಕ್ಕೆ ‘ಮೆಣಸಿನಕಾಯಿ’ ಎಂಬ ಹೆಸರು ಸಲ್ಲುವಂತಾಯಿತು. ಈ ಮಾತಿಗೆ ಸಾಕ್ಷಿಯು ಗ್ರಂಥಗಳಲ್ಲಿ ಮಾತ್ರವಲ್ಲ, ಮನೆಗಳಲ್ಲಿಯೂ ಉಂಟು. ಇಂದಿಗೂ ಅನೇಕ ವೈದಿಕ ಮನೆತನಗಳ ಶ್ರಾದ್ಧದ ಅಡಿಗೆಯಲ್ಲಿ ಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆಗಳಿಗೆ ಪ್ರವೇಶವಿಲ್ಲ. ಪಿತೃಗಳು ಅರಿಯದ ಪದಾರ್ಥಗಳನ್ನು ಪಿತೃಗಳಿಗೆ ಬಡಿಸುವುದಿಲ್ಲ. ಹಬ್ಬದ ಎಲೆಯಲ್ಲಾದರೋ ಅವೆಲ್ಲವೂ ನೆಂಟರಂತೆ ಬಂದು ಮನೆಯವರಂತೆಯೇ ಕುಳಿತುಬಿಟ್ಟಿವೆ. ‘ನಮ್ಮ ಪುರಾತನ ಸಂಪ್ರದಾಯದ ಊಟ’ವೆಂದು ಇಂದು ನಾವು ಅಭಿಮಾನದಿಂದ ಹೇಳಿಕೊಳ್ಳುವುದರಲ್ಲಿ ನಾಲ್ಕು ನೂರು, ಐದು ನೂರು ವರ್ಷಗಳಾಚೆಗೆ ಹೋಗದ ಪದಾರ್ಥಗಳು ಹಲವು.

ಹಾಗಾದರೆ ನಿಂತುದು ಯಾವುದು? ಬಡಿಸುವ ಕ್ರಮ. ಸೋಮೇಶ್ವರನ ಊಟದಲ್ಲಿ ಮೊದಲು ಅನ್ನ, ಹೆಸರುಬೇಳೆ, ತುಪ್ಪ. ನಡುವೆ ಪಾಯಸಾದಿ ಮಧುರಪದಾರ್ಥಗಳು. ಕೊನೆಯಲ್ಲಿ ಮೊಸರು ಮಜ್ಜಿಗೆಗಳು. ಒಂಬತ್ತು ಶತಮಾನಗಳು ಕಳೆದ ಮೇಲೂ ಹಳೆಯ ಮೈಸೂರು ಸೀಮೆಯ ಹಬ್ಬದೂಟವು ಇದೇ ದಾರಿಯಲ್ಲಿ ನಡೆಯುತ್ತದೆ. ಎಲೆಯ ಕುಡಿಯನ್ನು ಉಣ್ಣುವವನ ಎಡಕ್ಕೆ ಮಾಡಿ ಹಾಸಿ, ಉಪ್ಪು, ಕೋಸಂಬರಿ, ಪಲ್ಯ, ಗೊಜ್ಜುಗಳನ್ನು ಮೇಲ್ಗಡೆಯಲ್ಲಿ ಬಡಿಸಿ, ಅನ್ನದ ಮೇಲೆ ತೊವ್ವೆಯನ್ನೂ ತುಪ್ಪವನ್ನೂ ಹಾಕಿದಾಗ ಊಟ ಮೊದಲಾಗುತ್ತದೆ. ಅನಂತರ ಹುಳಿ, ಸಾರು, ಅವುಗಳ ನಡುವೆ ಹೋಳಿಗೆ, ಪಾಯಸ, ಕಟ್ಟಕಡೆಗೆ ಮಜ್ಜಿಗೆ. ಬೆಳಗಾವಿಯ ಮಂಡಿಗೆ, ಧಾರವಾಡದ ಕಡೆಯ ಕಟ್ಟಿನ ಸಾರು, ತುಳುನಾಡಿನ ಪತ್ರೊಡೆ ಇವು ಪ್ರಾಂತಭೇದಗಳು. ಪದಾರ್ಥಗಳು ಬಂದವು, ಹೋದವು, ಕ್ರಮವು ಉಳಿಯಿತು.

೩. ಅಳತೆ

ಹಬ್ಬದೂಟವನ್ನು ಯೋಜಿಸುವವರ ಜಾಣ್ಮೆಯು ಬಗೆಗಳ ಸಂಖ್ಯೆಯಲ್ಲಿಲ್ಲ, ಅಳತೆಯಲ್ಲಿದೆ. ಹಿಂದಿನ ಗೃಹಿಣಿಯರ ಏರ್ಪಾಡನ್ನು ಸೂಕ್ಷ್ಮವಾಗಿ ನೋಡಿದರೆ ಅದರಲ್ಲಿ ಒಂದು ಅರ್ಥಶಾಸ್ತ್ರವೇ ಕಾಣುತ್ತದೆ. ಹೋಳಿಗೆಗೆಂದು ಬೇಯಿಸಿದ ಬೇಳೆಯನ್ನು ಬಸಿದಾಗ ದೊರೆಯುವ ಕಟ್ಟು ಚೆಲ್ಲಿಹೋಗದೆ ಒಬ್ಬಟ್ಟಿನ ಸಾರಾಗುತ್ತದೆ. ಒಂದೇ ಒಲೆಯ ಒಂದೇ ಬೇಯುವಿಕೆಯಿಂದ ಸಿಹಿಯೂ ಸಾರೂ ಸಿದ್ಧ. ಕೋಸಂಬರಿಗೆ ಒಲೆಯೇ ಬೇಡ. ನೆನೆದ ಹೆಸರುಬೇಳೆ, ತೆಂಗಿನತುರಿ, ನಿಂಬೆಯ ಹುಳಿ ಸಾಕು. ಪುಳಿಯೋಗರೆಯ ಗೊಜ್ಜನ್ನು ಮುಂಚಿನ ದಿನವೇ ಕಾಯಿಸಿಟ್ಟರೆ ಕೆಡುವುದಿಲ್ಲ. ಹಪ್ಪಳ ಸಂಡಿಗೆಗಳು ಬೇಸಗೆಯ ಬಿಸಿಲಿನಲ್ಲಿಯೇ ಒಣಗಿ ಡಬ್ಬಿಯನ್ನು ಸೇರಿರುತ್ತವೆ. ಹೀಗೆ ಹಬ್ಬದ ಬೆಳಗಿನ ಕೆಲಸವನ್ನು ದಿನಗಳಿಗೂ ತಿಂಗಳುಗಳಿಗೂ ಹಂಚುವುದರಿಂದ ನಾಲ್ಕು ಕೈಗಳು ನಲವತ್ತು ಎಲೆಗಳನ್ನು ನಿಭಾಯಿಸುತ್ತಿದ್ದವು. ೧೯೫೬ರ ಅಧಿನಿಯಮದಿಂದ ಕಿಲೋಗ್ರಾಂ ಬಂದ ಮೇಲೆ ಸೇರು, ಅಚ್ಚೇರು, ಪಾವುಗಳು ಅಂಗಡಿಯಿಂದ ಮರೆಯಾದರೂ, ಅಕ್ಕಿಯಳೆಯುವ ಪಾವು ಹಲವು ಅಡಿಗೆಮನೆಗಳನ್ನು ಇನ್ನೂ ಬಿಟ್ಟಿಲ್ಲ.

ಅಳತೆಯ ಮರ್ಮವನ್ನು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಒಬ್ಬ ಶರಣೆಯು ಲೋಕಕ್ಕೆ ತೋರಿಸಿಕೊಟ್ಟಳು. ಆಯ್ದಕ್ಕಿ ಮಾರಯ್ಯನ ಕಾಯಕವು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದರಿಂದಲೇ ದಂಪತಿಗಳ ದಾಸೋಹ ನಡೆಯುತ್ತಿತ್ತು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿಯಾದ ಲಕ್ಕಮ್ಮನು ಅದನ್ನು ಆಸೆಯೆಂದು ಖಂಡಿಸಿ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದಳೆಂದು ಶರಣರ ಚರಿತ್ರೆಯು ಹೇಳುತ್ತದೆ. ಬಡತನದ ಮನೆಯು ಉದಾರವಾಗಿ ಉಣಿಸಿತು. ಆದರೆ ಲೆಕ್ಕವನ್ನು ಮೀರಲಿಲ್ಲ. ಔದಾರ್ಯಕ್ಕೂ ಅಪವ್ಯಯಕ್ಕೂ ನಡುವಣ ಗೆರೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಎಳೆದವರಿಲ್ಲ.

ಈ ಗೆರೆಯನ್ನು ಜನರು ತಾವಾಗಿ ಎಳೆದುಕೊಳ್ಳದಾಗ ಸರ್ಕಾರವು ಎಳೆಯಬೇಕಾಯಿತು. ಎರಡನೆಯ ಮಹಾಯುದ್ಧದ ಕಾಲದ ಪಡಿತರದ ದಿನಗಳನ್ನು ದಾಟಿ ಬಂದ ದೇಶವು ೧೯೬೦ರ ದಶಕದಲ್ಲಿ ಮತ್ತೆ ಆಹಾರಾಭಾವಕ್ಕೆ ಸಿಕ್ಕಿತು. ೧೯೬೫ರಲ್ಲಿ ಪ್ರಧಾನಿ ಲಾಲಬಹಾದೂರ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡುವಂತೆ ಜನತೆಯನ್ನು ಕೇಳಿಕೊಂಡರು. ಸಮಾರಂಭಗಳಲ್ಲಿ ಇಷ್ಟೇ ಮಂದಿಗೆ ಉಣಬಡಿಸಬೇಕೆಂಬ ಅತಿಥಿ ನಿಯಂತ್ರಣದ ಆಜ್ಞೆಗಳೂ ಹಲವು ಪ್ರಾಂತಗಳಲ್ಲಿ ಜಾರಿಗೆ ಬಂದವು. ಅಭಾವವು ಕಳೆದ ಮೇಲೆ ಆಜ್ಞೆಗಳು ಮರೆತುಹೋದವು; ಎಲೆಯಲ್ಲಿ ಬಿಟ್ಟೇಳುವ ಅನ್ನವು ಮಾತ್ರ ಮರಳಿ ಬಂದಿತು.

೪. ಪಂಕ್ತಿ

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿನವಾದುದು. ಅತಿಥಿಯನ್ನು ದೇವರೆಂದ ನಾಡಿನಲ್ಲಿಯೇ ಪಂಕ್ತಿಭೇದವೂ ಬೇರೂರಿತೆಂಬುದನ್ನು ಮರೆಮಾಚಲಾಗದು. ಮನುಸ್ಮೃತಿಯ ಅದೇ ಮೂರನೆಯ ಅಧ್ಯಾಯವು ಮನೆಗೆ ಬಂದ ವೈಶ್ಯಶೂದ್ರರಿಗೆ ಸೇವಕರ ಜೊತೆಯಲ್ಲಿ ಅನ್ನವಿಡುವಂತೆ ಹೇಳುತ್ತದೆ. ಜಾತಿಗೊಂದು ಸಾಲು, ಸಾಲಿಗೊಂದು ಹೊತ್ತು ಎಂಬ ನಡವಳಿಕೆಯು ಶತಮಾನಗಳ ಕಾಲ ಹಬ್ಬದ ಮನೆಗಳಲ್ಲಿ ನಡೆದುಬಂದಿತು. ಕೆಲವರಿಗಂತೂ ಸಾಲಿರಲಿಲ್ಲ, ಹಿತ್ತಿಲ ಬಾಗಿಲಲ್ಲಿ ಉಳಿದ ಅನ್ನವೇ ಅವರ ಹಬ್ಬ.

ಇದಕ್ಕೆ ಪ್ರತಿಯಾದ ದನಿಯೂ ಕನ್ನಡದಲ್ಲಿಯೇ ಎದ್ದಿತು. ಬಸವಣ್ಣನವರೇ ಮೊದಲಾದ ಶರಣರ ದಾಸೋಹವು ಕುಲವನ್ನು ಕೇಳಿ ಬಡಿಸುವ ಪದ್ಧತಿಯನ್ನು ಒಪ್ಪಲಿಲ್ಲ. ಹದಿನಾರನೆಯ ಶತಮಾನದ ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಧಾನ್ಯಗಳ ಬಾಯಿಂದಲೇ ಈ ವಾದವನ್ನು ಆಡಿಸಿದರು. ಅಕ್ಕಿಯೂ ರಾಗಿಯೂ ಹೆಚ್ಚುಕಡಮೆಗಾಗಿ ಜಗಳವಾಡಿ ಶ್ರೀರಾಮನ ಬಳಿಗೆ ಬರುತ್ತವೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಲು ಅಕ್ಕಿಯು ಕುಗ್ಗಿಹೋಗಿ ರಾಗಿಯು ಗಟ್ಟಿಯಾಗಿಯೇ ಉಳಿಯುತ್ತದೆ. ಅದಕ್ಕೆ ರಾಘವನ ಹೆಸರು ದೊರೆಯುತ್ತದೆ. ಧಾನ್ಯದ ಕಥೆಯ ಹೊದಿಕೆಯಲ್ಲಿ ಉಣ್ಣುವವರ ಕಥೆಯನ್ನೇ ಕವಿಯು ಹೇಳಿದ್ದಾನೆಂಬುದು ವಿಮರ್ಶಕರಿಗೆ ಹೊಸ ಮಾತಲ್ಲ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಹೋಟೆಲು, ಅಂಗಡಿ, ಬಾವಿಗಳನ್ನು ಎಲ್ಲರಿಗೂ ತೆರೆಯಿತು. ಆದರೆ ತನ್ನ ಮನೆಯ ಹಬ್ಬಕ್ಕೆ ಯಾರನ್ನು ಕರೆಯಬೇಕೆಂದು ಗೃಹಸ್ಥನಿಗೆ ಆಜ್ಞಾಪಿಸುವ ಶಾಸನವು ಯಾವುದೂ ಇಲ್ಲ. ಅಲ್ಲಿ ಅವನ ಮನಸ್ಸೇ ಶಾಸನ.

ಪಂಕ್ತಿಯಲ್ಲಿ ಕಾಣದ ಮತ್ತೊಂದು ಎಲೆಯುಂಟು, ಅದು ಗೃಹಿಣಿಯದು. ಮಹಾಭಾರತದ ಪ್ರಚಲಿತ ಪಾಠದಲ್ಲಿ ಸೂರ್ಯನು ಕೊಟ್ಟ ಅಕ್ಷಯಪಾತ್ರೆಯು ದ್ರೌಪದಿಯು ಉಣ್ಣುವವರೆಗೆ ಮಾತ್ರ ಬರಿದಾಗದು. ಅವಳು ಉಂಡೆದ್ದ ಮೇಲೆ ದುರ್ವಾಸನು ಶಿಷ್ಯಸಮೂಹದೊಡನೆ ಬಂದು ನಿಂತನೆಂಬ ಕಥೆಯನ್ನು ಎಲ್ಲರೂ ಬಲ್ಲರು. ಮನೆಯೊಡತಿಯು ಕೊನೆಗೆ ಉಣ್ಣುವಳೆಂಬುದನ್ನು ಆ ಕಥೆಯು ಎಷ್ಟು ಸಹಜವೆಂದು ಹಿಡಿದಿದೆಯೆಂದರೆ ಪಾತ್ರೆಯ ಮಹಿಮೆಯ ಮೇರೆಯೇ ಅವಳ ತುತ್ತಾಗಿದೆ. ಆದರೆ ಸಂಪ್ರದಾಯವೆಂದು ಇದನ್ನು ಸಮರ್ಥಿಸುವವರು ಶಾಸ್ತ್ರವನ್ನು ಇನ್ನಷ್ಟು ಎಚ್ಚರದಿಂದ ಓದಬೇಕು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳಿಗೂ ಬಾಲಿಕೆಯರಿಗೂ ರೋಗಿಗಳಿಗೂ ಗರ್ಭಿಣಿಯರಿಗೂ ಅತಿಥಿಗಳಿಗಿಂತ ಮೊದಲೇ, ವಿಚಾರವನ್ನೇ ಮಾಡದೆ, ಉಣಬಡಿಸಬೇಕೆಂದು ಮನುವು ಸ್ಪಷ್ಟವಾಗಿ ವಿಧಿಸಿದ್ದಾನೆ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣಬೇಕಾದವರು ಯಾರು ಎಂಬಲ್ಲಿ ಅವನು ಬಳಸಿದ ಪದವು ‘ದಂಪತೀ’ ಎಂಬ ದ್ವಿವಚನ. ಹೆಂಡತಿಯೊಬ್ಬಳೇ ಅಲ್ಲ, ಗಂಡನೂ ಕಾಯಬೇಕು. ಯಜಮಾನನು ಮೊದಲನೆಯ ಪಂಕ್ತಿಯಲ್ಲಿ ನೆಂಟರ ಸಾಲಿಗೆ ಕುಳಿತು ಉಂಡು, ತಾಂಬೂಲ ಹಾಕಿಕೊಂಡು ಜಗುಲಿಗೆ ಹೋಗುವುದೂ, ಯಜಮಾನಿಯು ಮೂರನೆಯ ಪಂಕ್ತಿ ಎದ್ದ ಮೇಲೆ ಆರಿದ ಅನ್ನಕ್ಕೆ ತಳದ ಸಾರನ್ನು ಕಲಸಿಕೊಳ್ಳುವುದೂ ರೂಢಿಯಾಗಿರಬಹುದು, ಶಾಸ್ತ್ರವಲ್ಲ. ಮಿತ್ರರಿಗೆ ಪತ್ನಿಯೊಡಗೂಡಿ ಉಣಿಸಬೇಕೆಂಬ ಮೇಲೆ ಹೇಳಿದ ವಿಧಿಯನ್ನು ಇದರೊಡನೆ ಸೇರಿಸಿ ಓದಿದರೆ ರೂಢಿಯು ಶಾಸ್ತ್ರದಿಂದ ಎಷ್ಟು ದೂರ ಸರಿದಿದೆಯೆಂಬುದು ತಿಳಿಯುತ್ತದೆ.

ಇಷ್ಟರಿಂದ ನಿಷ್ಪನ್ನವಾಗುವ ಅಭಿಪ್ರಾಯವು ಒಂದೇ. ಹಬ್ಬದೂಟದಲ್ಲಿ ಪದಾರ್ಥಗಳು ಅನಾದಿಯಲ್ಲ. ಸಮುದ್ರದಾಚೆಯ ಕಾಯಿಗಳನ್ನು ಕೂಡ ನಮ್ಮ ಪೂರ್ವಿಕರು ಎಲೆಗೆ ಬರಮಾಡಿಕೊಂಡರು. ಪರದೇಶದ ಮೆಣಸಿನಕಾಯಿಗೆ ದೊರೆತ ಸ್ಥಳವು ನೆರೆಮನೆಯ ಮನುಷ್ಯನಿಗೆ ದೊರೆಯಲಿಲ್ಲವೆಂದರೆ ಅದು ಸಂಪ್ರದಾಯದ ಗೌರವವನ್ನು ಹೆಚ್ಚಿಸುವ ಮಾತಲ್ಲ. ಆದುದರಿಂದ ಬರುವ ಹಬ್ಬಕ್ಕೆ ಸಾಮಾನಿನ ಪಟ್ಟಿಯನ್ನು ಬರೆಯುವ ಗೃಹಸ್ಥರು ಅಕ್ಕಿಬೇಳೆಗಳ ಲೆಕ್ಕಕ್ಕೆ ಮೊದಲು ಎಲೆಗಳ ಲೆಕ್ಕವನ್ನು ಬರೆಯುವುದು ಯುಕ್ತ. ಇದುವರೆಗೆ ಕರೆಯದಿದ್ದವರಿಗೆ ಅದರಲ್ಲಿ ಒಂದೆರಡು ಎಲೆಗಳಿರಲಿ. ಅಡಿಗೆ ಮಾಡಿದವಳ ಎಲೆಯು ಅದೇ ಸಾಲಿನಲ್ಲಿರಲಿ. ಒಂದು ಪಂಕ್ತಿಗೆ ಗಂಡಸರೇ ಬಡಿಸಲಿ. ಬಗೆಗಳಲ್ಲಿ ಎರಡು ಕಡಮೆಯಾದರೂ ಹಬ್ಬಕ್ಕೆ ಕೊರತೆಯಾಗದು.