ಹೆಪ್ಪುಗಟ್ಟಿದ ಸರೋವರದಲ್ಲಿ ಗಾಳ: ಮಿತ ಖರ್ಚಿನ ಪ್ರವಾಸಕ್ಕೆ ಬೇಕಾದ ಸಿದ್ಧತೆ

2022ರ ನವೆಂಬರ್ 28ರಂದು ಅಮೆರಿಕದ ಮಿನ್ನೆಸೋಟ ರಾಜ್ಯದ ಅಪ್ಪರ್ ರೆಡ್ ಲೇಕ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದ ಸುಮಾರು 200 ಮಂದಿ, ತಾವು ನಿಂತಿದ್ದ ಮಂಜುಗಡ್ಡೆಯೇ ದಡದಿಂದ ಕಳಚಿಕೊಂಡು ತೇಲತೊಡಗಿದ್ದನ್ನು ಕಂಡು ಕಂಗಾಲಾದರು. ರಕ್ಷಣಾ ಸಿಬ್ಬಂದಿ ಧಾವಿಸಿ ಅವರನ್ನು ದಡ ಸೇರಿಸಿದರು. ಹದಿಮೂರು ತಿಂಗಳ ನಂತರ, 2023ರ ಡಿಸೆಂಬರ್ 29ರಂದು, ಅದೇ ಸರೋವರದಲ್ಲಿ ಅಂಥದೇ ಘಟನೆ ಮರುಕಳಿಸಿ 122 ಮಂದಿಯನ್ನು ರಕ್ಷಿಸಬೇಕಾಯಿತು. ಆಗ ಪುಟ್ಟ ದೋಣಿಯಲ್ಲಿ ದಾಟಲು ಯತ್ನಿಸಿದ ನಾಲ್ವರು ನೀರಿಗೆ ಬಿದ್ದು ಪಾರಾದರು. ಎರಡೂ ಬಾರಿ ಜೀವಹಾನಿ ಸಂಭವಿಸಲಿಲ್ಲ. ಆದರೆ 2009ರ ಫೆಬ್ರುವರಿಯಲ್ಲಿ ಒಹಾಯೊ ರಾಜ್ಯದ ಬಳಿ ಈರಿ ಸರೋವರದಲ್ಲಿ ನೂರಕ್ಕೂ ಹೆಚ್ಚು ಮಂದಿ ಹೀಗೆಯೇ ಸಿಲುಕಿದಾಗ ಒಬ್ಬರು ಪ್ರಾಣ ಕಳೆದುಕೊಂಡಿದ್ದರು.

ಹೀಗಿದ್ದೂ ಚಳಿಗಾಲ ಬಂತೆಂದರೆ ಹವ್ಯಾಸಿಗಳು ರೆಡ್ ಲೇಕ್‌ನತ್ತ ಮುಖ ಮಾಡುತ್ತಾರೆ. ಮಿನಿಯಾಪೊಲಿಸ್ ಹಾಗೂ ಸೇಂಟ್ ಪಾಲ್ ಅವಳಿ ನಗರಗಳಲ್ಲಿ ಉದ್ಯೋಗ ನಿಮಿತ್ತ ನೆಲೆಸಿರುವ ಕನ್ನಡಿಗರಿಗೂ ಸಹೋದ್ಯೋಗಿಗಳಿಂದ ಇಂಥ ಆಹ್ವಾನ ಬರುವುದುಂಟು. ಕೈಯಲ್ಲಿ ಹೆಚ್ಚು ಹಣವಿಲ್ಲದ, ಸರೋವರದ ಪರಿಚಯವೂ ಇಲ್ಲದ ಹೊಸಬರು ಯಾವುದಕ್ಕೆ ಖರ್ಚು ಮಾಡಬೇಕು, ಯಾವುದಕ್ಕೆ ಬೇಡ ಎಂಬುದನ್ನು ಹೊರಡುವ ಮುನ್ನವೇ ನಿರ್ಧರಿಸಿಕೊಳ್ಳುವುದು ಒಳಿತು.

ಸರೋವರ ಒಂದು, ಆಡಳಿತ ಎರಡು

ಅವಳಿ ನಗರಗಳಿಂದ ಉತ್ತರಕ್ಕೆ ಕಾರಿನಲ್ಲಿ ನಾಲ್ಕೂವರೆ ಐದು ಗಂಟೆಗಳ ಹಾದಿ. ಅಪ್ಪರ್ ಮತ್ತು ಲೋವರ್ ಎಂಬ ಎರಡು ಭಾಗಗಳು ಸೇರಿ ರೆಡ್ ಲೇಕ್‌ನ ವಿಸ್ತಾರ 1,100 ಚದರ ಕಿ.ಮೀ.ಗೂ ಹೆಚ್ಚು. ಸಂಪೂರ್ಣವಾಗಿ ಮಿನ್ನೆಸೋಟದೊಳಗೇ ಇರುವ ಸರೋವರಗಳಲ್ಲಿ ಇದೇ ಅತಿ ದೊಡ್ಡದು. ಹೊಸಬರು ಮೊದಲು ಅರಿಯಬೇಕಾದ ಸಂಗತಿಯೆಂದರೆ, ಇದರ ಬಹುಭಾಗ ರೆಡ್ ಲೇಕ್ ಓಜಿಬ್ವೆ ಬುಡಕಟ್ಟಿನ ಅಧೀನದಲ್ಲಿದೆ. ಅಪ್ಪರ್ ರೆಡ್ ಲೇಕ್‌ನ ಪೂರ್ವ ಬದಿಯ ಸುಮಾರು 48,000 ಎಕರೆ ಮಾತ್ರ ರಾಜ್ಯ ಸರ್ಕಾರದ್ದು. ಉಳಿದೆಡೆ ಹೊರಗಿನವರು ಅನುಮತಿಯಿಲ್ಲದೆ ಗಾಳ ಹಾಕುವಂತಿಲ್ಲ. ಬಿಳಿಯ ಬಯಲಿನಲ್ಲಿ ಈ ಗಡಿ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಗಡಿರೇಖೆಯಿರುವ ನಕ್ಷೆಯನ್ನು ಮೊದಲೇ ಮೊಬೈಲ್‌ಗೆ ಇಳಿಸಿಕೊಳ್ಳಬೇಕು. ಕೊರೆಯುವ ಚಳಿಯಲ್ಲಿ ಬ್ಯಾಟರಿ ಬಹುಬೇಗ ಬರಿದಾಗುವುದರಿಂದ ಮೊಬೈಲ್ ಒಳ ಅಂಗಿಯ ಜೇಬಿನಲ್ಲಿರಬೇಕು. ಕಾಗದದ ನಕ್ಷೆಯೊಂದು ಜೊತೆಗಿದ್ದರೆ ಇನ್ನೂ ಉತ್ತಮ.

ಈ ಗಡಿಯ ಹಿಂದೆ ಒಂದು ಕಥೆಯೂ ಇದೆ. ಮಿತಿಮೀರಿದ ಮೀನುಗಾರಿಕೆಯಿಂದ ಇಲ್ಲಿನ ಪ್ರಮುಖ ಮೀನಾದ ವಾಲ್‌ಐ ಸಂತತಿ 1990ರ ದಶಕದಲ್ಲಿ ಕುಸಿದು ಹೋಯಿತು. 1997ರಲ್ಲಿ ಬುಡಕಟ್ಟಿನವರು ವಾಣಿಜ್ಯ ಮೀನುಗಾರಿಕೆಯನ್ನು ತಾವಾಗಿ ನಿಲ್ಲಿಸಿದರು. 1999ರಲ್ಲಿ ರಾಜ್ಯ ಸರ್ಕಾರದೊಂದಿಗೆ ಒಪ್ಪಂದವಾಗಿ, ಮರಿಗಳನ್ನು ಬಿಟ್ಟು ಬೆಳೆಸಲಾಯಿತು. 2006ರಲ್ಲಷ್ಟೇ ವಾಲ್‌ಐ ಹಿಡಿಯಲು ಮತ್ತೆ ಅವಕಾಶ ದೊರೆಯಿತು. ಒಬ್ಬರು ಎಷ್ಟು ಮೀನು, ಯಾವ ಗಾತ್ರದ್ದು ಇಟ್ಟುಕೊಳ್ಳಬಹುದೆಂಬ ನಿಯಮ ಇಲ್ಲಿ ರಾಜ್ಯದ ಸಾಮಾನ್ಯ ನಿಯಮಕ್ಕಿಂತ ಭಿನ್ನವಾಗಿದ್ದು, ಆಗಾಗ ಬದಲಾಗುತ್ತಿರುವುದಕ್ಕೆ ಈ ಹಿನ್ನೆಲೆಯೇ ಕಾರಣ. ಆ ಋತುವಿನ ನಿಯಮವನ್ನು ನೋಡಿಕೊಳ್ಳದೆ ಹೊರಡಬಾರದು.

ಅಂಗುಲಗಳ ಲೆಕ್ಕ

ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಮಾರ್ಗಸೂಚಿಯಂತೆ, ಗಟ್ಟಿಯಾದ ಹೊಸ ಮಂಜುಗಡ್ಡೆ ಕನಿಷ್ಠ 4 ಅಂಗುಲ ದಪ್ಪವಿದ್ದರೆ ಮಾತ್ರ ಅದರ ಮೇಲೆ ನಡೆಯಬಹುದು. ಸ್ನೋಮೊಬೈಲ್‌ಗೆ 5ರಿಂದ 6 ಅಂಗುಲ, ಸಣ್ಣ ಕಾರಿಗೆ 9ರಿಂದ 10, ಮಧ್ಯಮ ಗಾತ್ರದ ಪಿಕಪ್ ಟ್ರಕ್‌ಗೆ 13 ಅಂಗುಲ ಬೇಕು. ಹಿಮ ಬೆರೆತು ಹೆಪ್ಪುಗಟ್ಟಿದ ಬಿಳಿ ಮಂಜುಗಡ್ಡೆಯ ಬಲ ಇದರ ಅರ್ಧದಷ್ಟೇ ಆದ್ದರಿಂದ ದಪ್ಪ ಎರಡರಷ್ಟಿರಬೇಕು. ಯಾವ ಮಂಜುಗಡ್ಡೆಯೂ ಸಂಪೂರ್ಣ ಸುರಕ್ಷಿತವಲ್ಲವೆಂದು ಇದೇ ಇಲಾಖೆ ಹೇಳುತ್ತದೆ.

ದೊಡ್ಡ ಸರೋವರದಲ್ಲಿ ದಪ್ಪವೊಂದೇ ಸಾಲದು. ಅಪ್ಪರ್ ರೆಡ್ ಲೇಕ್ ಎಲ್ಲಿಯೂ 20 ಅಡಿ ಮೀರದ ತಟ್ಟೆಯಂಥ ಸರೋವರ. ಆಳ ಕಡಿಮೆಯಿರುವುದರಿಂದ ಬೇಗ ಹೆಪ್ಪುಗಟ್ಟಿ, ನವೆಂಬರ್ ಅಂತ್ಯಕ್ಕೇ ಜನರನ್ನು ಕರೆಯುತ್ತದೆ. ಆದರೆ ಆ ವೇಳೆಗೆ ನಡುಭಾಗದಲ್ಲಿ ತೆರೆದ ನೀರು ಉಳಿದಿದ್ದರೆ, ದಡದಿಂದ ಒಳಕ್ಕೆ ಬೀಸುವ ಬಲವಾದ ಗಾಳಿ ಇಡೀ ಹಾಸನ್ನೇ ನೂಕಿಬಿಡಬಲ್ಲದು. ಕಾಲಡಿ ಮಂಜುಗಡ್ಡೆ ಗಟ್ಟಿಯಾಗಿದ್ದರೂ ದಡದ ನಂಟು ಕಡಿದಿರುತ್ತದೆ. ಆದ್ದರಿಂದ ಹೊಸಬರು ಋತುವಿನ ಆರಂಭದ ಆತುರ ಬಿಟ್ಟು ಜನವರಿಯವರೆಗೆ ಕಾಯುವುದು ವಿವೇಕ. ಆಗಲೂ ಗಾಳಿಯ ಮುನ್ಸೂಚನೆ ನೋಡಬೇಕು. ವಾಲ್‌ಐ ಋತು ಫೆಬ್ರುವರಿಯ ಕೊನೆಯ ಭಾಗದಲ್ಲಿ ಮುಗಿಯುತ್ತದೆ.

ಹಣ ಎಲ್ಲಿ ಉಳಿಯುತ್ತದೆ?

ಸರೋವರದ ದಡದ ರೆಸಾರ್ಟ್‌ಗಳು ಮಂಜುಗಡ್ಡೆಯ ಮೇಲೆ ಹಿಮ ಸರಿಸಿ ರಸ್ತೆ ಮಾಡುತ್ತವೆ, ಬಿರುಕು ಬಿಟ್ಟಲ್ಲಿ ಸೇತುವೆ ಹಾಕುತ್ತವೆ, ದಪ್ಪವನ್ನು ಅಳೆಯುತ್ತಿರುತ್ತವೆ. ಅದಕ್ಕಾಗಿ ವಾಹನಕ್ಕೆ ಶುಲ್ಕ ವಸೂಲು ಮಾಡುತ್ತವೆ. ಇದನ್ನು ಉಳಿಸಲೆಂದು ಅಪರಿಚಿತ ಜಾಗದಿಂದ ತಾವೇ ದಾರಿ ಹುಡುಕಿಕೊಂಡು ಇಳಿಯುವವರಿದ್ದಾರೆ. ಇಡೀ ಪ್ರವಾಸದಲ್ಲಿ ಇದಕ್ಕಿಂತ ದುಬಾರಿಯಾದ ಉಳಿತಾಯ ಬೇರೊಂದಿಲ್ಲ. ಆ ಶುಲ್ಕದಲ್ಲಿ ದೊರೆಯುವುದು ರಸ್ತೆ ಮಾತ್ರವಲ್ಲ; ಬೆಳಿಗ್ಗೆ ಎಲ್ಲಿ ಬಿರುಕು ಬಿಟ್ಟಿದೆ, ನಿನ್ನೆ ಸಂಜೆ ಎಷ್ಟು ಅಡಿ ಆಳದಲ್ಲಿ ಮೀನು ಕಚ್ಚಿತು ಎಂಬ ಮಾಹಿತಿಯೂ ಅದರೊಂದಿಗೆ ಬರುತ್ತದೆ. ಹೊರಡುವ ಹಿಂದಿನ ದಿನ ದೂರವಾಣಿ ಕರೆ ಮಾಡಿ ವಿಚಾರಿಸಲು ಯಾವ ಖರ್ಚೂ ಇಲ್ಲ.

ಉಳಿಸಬಹುದಾದದ್ದು ಸಲಕರಣೆಗಳಲ್ಲಿ. ಸಾವಿರಾರು ಡಾಲರ್‌ಗಳ ಚಕ್ರದ ಮನೆಗಳು, ನೀರಿನೊಳಗೆ ಮೀನು ತೋರಿಸುವ ಸೋನಾರ್ ಯಂತ್ರಗಳು ಅಂಗಡಿಗಳಲ್ಲಿ ಕಣ್ಸೆಳೆಯುತ್ತವೆ. ಏರಿಳಿತವಿಲ್ಲದ ಇಷ್ಟು ಕಡಿಮೆ ಆಳದ ನೀರಿನಲ್ಲಿ ಹೊಸಬರಿಗೆ ಅವಿಲ್ಲದೆಯೂ ನಡೆಯುತ್ತದೆ. ಕೈಯಿಂದ ತಿರುಗಿಸುವ ಕೊರೆಯುವ ಉಪಕರಣ, ಮೋಟು ಗಾಳದ ಕೋಲು, ಕೂರಲು ಒಂದು ಪ್ಲಾಸ್ಟಿಕ್ ಬಕೆಟ್, ಸಾಮಾನು ಎಳೆಯಲು ಜಾರುಬಂಡಿ ಇದ್ದರೆ ಸಾಕು. ನಾಲ್ವರು ಸೇರಿದರೆ ಬಿಸಿ ವ್ಯವಸ್ಥೆಯಿರುವ ಮನೆಯೊಂದನ್ನು ಹಗಲಿಗೆ ಬಾಡಿಗೆಗೆ ಹಿಡಿಯುವುದು ಗುಡಾರ ಕೊಳ್ಳುವುದಕ್ಕಿಂತ ಅಗ್ಗ. ವಾರಾಂತ್ಯ ತಪ್ಪಿಸಿದರೆ ಜನಸಂದಣಿಯೂ ಕಡಿಮೆ.

ಪರವಾನಗಿ 16 ವರ್ಷ ಮೇಲ್ಪಟ್ಟವರಿಗೆ ಕಡ್ಡಾಯ. 2024ರ ದರದಂತೆ ರಾಜ್ಯದ ನಿವಾಸಿಗೆ ವರ್ಷಕ್ಕೆ 25 ಡಾಲರ್, ಹೊರಗಿನವರಿಗೆ 24 ಗಂಟೆಗೆ 14 ಡಾಲರ್. ಊರಿನಿಂದ ಬಂದ ಅತಿಥಿಗೆ ಒಂದು ದಿನದ್ದೇ ಸಾಕು. ಚಳಿಗಾಲದಲ್ಲಿ ಒಬ್ಬರು ಎರಡು ಗಾಳಗಳನ್ನು ಬಳಸಬಹುದು. ಒಂದನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸುತ್ತ, ಇನ್ನೊಂದಕ್ಕೆ ಜೀವಂತ ಸಣ್ಣ ಮೀನನ್ನು ಸಿಕ್ಕಿಸಿ ತಳದಿಂದ ಒಂದಡಿ ಮೇಲೆ ಬೆಂಡು ಕಟ್ಟಿ ಬಿಡುವುದು ರೂಢಿ. ವಾಲ್‌ಐ ಮಂದ ಬೆಳಕಿನಲ್ಲಿ ಬೇಟೆಯಾಡುವ ಮೀನು. ಸೂರ್ಯೋದಯ ಮತ್ತು ಸೂರ್ಯಾಸ್ತದ ಆಸುಪಾಸಿನ ಒಂದೆರಡು ಗಂಟೆಗಳೇ ಮುಖ್ಯ. ನಡುಹಗಲಿನಲ್ಲಿ ಬುತ್ತಿ ಬಿಚ್ಚಿ ಕುಳಿತರೆ ನಷ್ಟವೇನಿಲ್ಲ.

ತಪ್ಪಿಸಬಾರದ ಖರ್ಚು

ಕೊರಳಿಗೆ ತೂಗುಹಾಕುವ ಒಂದು ಜೊತೆ ಹಿಡಿಕೆಯ ಮೊಳೆಗಳು, ನೀರಿಗೆ ಬಿದ್ದವರು ಮಂಜುಗಡ್ಡೆಯ ಅಂಚಿಗೆ ಚುಚ್ಚಿ ಮೇಲೇಳಲು ನೆರವಾಗುತ್ತವೆ. ಅವುಗಳ ಬೆಲೆ ಒಂದು ಊಟದಷ್ಟೂ ಇಲ್ಲ. ತೇಲುವ ಜಾಕೆಟ್, ಉದ್ದನೆಯ ಹಗ್ಗ, ಬದಲಿ ಬಟ್ಟೆ ಹಾಗೂ ಶಿಳ್ಳೆ ಜೊತೆಗಿರಲಿ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದು ದಡದಲ್ಲಿರುವ ಒಬ್ಬರಿಗಾದರೂ ತಿಳಿದಿರಬೇಕು.

ಗುಡಾರದಲ್ಲಿ ಉರಿಸುವ ಗ್ಯಾಸ್ ಹೀಟರ್ ಮತ್ತೊಂದು ಅಪಾಯ. ಬಿಗಿಯಾಗಿ ಮುಚ್ಚಿದ ಗುಡಾರದಲ್ಲಿ ಕಾರ್ಬನ್ ಮಾನಾಕ್ಸೈಡ್ ಸೇರಿಕೊಂಡರೆ ಬಣ್ಣ, ವಾಸನೆ ಏನೂ ಇರದೆ ನಿದ್ರೆಯಲ್ಲೇ ಪ್ರಾಣ ಹೋಗುತ್ತದೆ. ಗಾಳಿಯಾಡಲು ಕಿಂಡಿ ತೆರೆದಿಡುವುದರ ಜೊತೆಗೆ ಬ್ಯಾಟರಿಯಿಂದ ನಡೆಯುವ ಎಚ್ಚರಿಕೆ ಗಂಟೆಯೊಂದನ್ನು ಖರೀದಿಸಬೇಕು. ಬಾಡಿಗೆ ಮನೆಯಾದರೆ ಅಲ್ಲಿ ಗಂಟೆಯಿದೆಯೇ, ಅದು ಕೆಲಸ ಮಾಡುತ್ತದೆಯೇ ಎಂದು ಒಳಹೊಕ್ಕ ತಕ್ಷಣ ಪರೀಕ್ಷಿಸುವುದು ವಾಸಿ.

ಮರಳುವಾಗ ಕಸವನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬರಬೇಕು. ಮಂಜುಗಡ್ಡೆಯ ಮೇಲೆ ಬಿಟ್ಟದ್ದೆಲ್ಲ ವಸಂತದಲ್ಲಿ ನೀರಿನ ಪಾಲಾಗುವುದರಿಂದ 2023ರಲ್ಲಿ ಜಾರಿಗೆ ಬಂದ ಕಾನೂನಿನಡಿ ತಪ್ಪಿತಸ್ಥರಿಗೆ 100 ಡಾಲರ್ ದಂಡ ವಿಧಿಸಲಾಗುತ್ತದೆ.