ಕಾಲುಳಿಸಿದ ಕೊಳವೆ

2019ರ ಸಮೀಕ್ಷೆಯಂತೆ ಮಲೇಷಿಯಾದ ವಯಸ್ಕರಲ್ಲಿ ಶೇಕಡಾ 18.3 ಮಂದಿಗೆ ಸಕ್ಕರೆ ಕಾಯಿಲೆ. ಅದರಿಂದ ಕಾಲಿನ ರಕ್ತನಾಳ ಕಟ್ಟಿಕೊಂಡು ಬೆರಳು ಕೊಳೆತರೆ, ಹಿಂದೆ ಕಾಲನ್ನೇ ಕತ್ತರಿಸುತ್ತಿದ್ದುದು ಹೆಚ್ಚು.

ಹೀಗೆ ರಕ್ತನಾಳ ಕಟ್ಟಿ, ಕಾಲು ಕತ್ತರಿಸಲು ಒಪ್ಪದ 82ರ ಅಜ್ಜಿಯೊಬ್ಬರು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿದ್ದರು. 1964ರ ಜನವರಿ 16ರಂದು ಡಾ. ಚಾರ್ಲ್ಸ್ ಡಾಟರ್ ಕ್ಷ-ಕಿರಣದಲ್ಲಿ ನೋಡುತ್ತ, ಅವರ ತೊಡೆಯ ರಕ್ತನಾಳದೊಳಕ್ಕೆ ತಂತಿ ತೂರಿಸಿ, ಅದರ ಮೇಲೆ ಕೊಳವೆ ಜಾರಿಸಿ ದಾರಿ ಅಗಲಿಸಿದರು. ರಸಾಯನಶಾಸ್ತ್ರದವರಾದ ನಮಗೊಂದು ಹೆಮ್ಮೆ: ಕೊಳವೆ ಟೆಫ್ಲಾನಿನದು, ದೋಸೆ ಕಾವಲಿಗೆ ಬಳಿಯುವಂಥದೇ! ತಣ್ಣಗಿದ್ದ ಪಾದ ಬೆಚ್ಚಗಾಯಿತು. ಅಜ್ಜಿ ಕೊನೆತನಕ ಸ್ವಂತ ಕಾಲಲ್ಲೇ ನಡೆದರು.

1974ರಲ್ಲಿ ಜ್ಯೂರಿಕ್‌ನ ಡಾ. ಗ್ರುಂಟ್ಸಿಗ್, ಮನೆಯ ಅಡುಗೆಕೋಣೆಯಲ್ಲಿ ತಯಾರಿಸಿದ ಪಿ.ವಿ.ಸಿ. ಬಲೂನನ್ನು ಕೊಳವೆಗೆ ಸೇರಿಸಿದರು. ಎಲ್ಲ ಕಾಲಿಗೂ ಇದು ಒಗ್ಗದು. ಆದರೂ ಕ್ವಾಲಾಲಂಪುರದ ದೊಡ್ಡ ಆಸ್ಪತ್ರೆಗಳಲ್ಲಿ ಈಗ ಈ ಚಿಕಿತ್ಸೆಯುಂಟು. ಕತ್ತರಿಸಲು ಒಪ್ಪುವ ಮುನ್ನ ಕೇಳಿ ನೋಡಬಹುದು.