ಅಭಯಕ್ಷೇತ್ರ ರಂಗನತಿಟ್ಟು

ಮೈಸೂರಿನ ಪಶ್ಚಿಮಕ್ಕಿರುವ ಬೋಗಾದಿ ಒಂದು ಕಾಲಕ್ಕೆ ಹೊಲಗದ್ದೆಗಳ ಗ್ರಾಮ. ಈಗ ನಗರದೊಡನೆ ಬೆಸೆದುಹೋಗಿದೆ. ಅಲ್ಲಿಂದ ಪೇಟೆಯ ಕಡೆಗೆ ಬರುವ ರಸ್ತೆ ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ ಸಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ವ್ಯವಸಾಯಕ್ಕೆಂದು ಕಟ್ಟಿಸಿದ ಕೆರೆಯಿದು. ಸುತ್ತಲಿನ ಗದ್ದೆಗಳು ಬಡಾವಣೆಗಳಾಗಿವೆ. ಕೆರೆಯಲ್ಲಿ ಹೆಜ್ಜಾರ್ಲೆ, ಹಾವಕ್ಕಿ, ನೀರುಕಾಗೆಗಳು ಮಾತ್ರ ಉಳಿದಿವೆ. ಇವು ಒಂದೇ ನೀರನ್ನು ನೆಚ್ಚಿ ಬಾಳುವ ಹಕ್ಕಿಗಳಲ್ಲ. ಕೆರೆಯಿಂದ ಕೆರೆಗೆ, ಕೆರೆಯಿಂದ ಹೊಳೆಗೆ ಹಾರಿ ಮೇವನ್ನರಸುತ್ತವೆ. ಈ ಸೀಮೆಯಲ್ಲಿ ಇಂತಹ ಹಕ್ಕಿಗಳ ಹಿರಿಯ ತವರು ಬೋಗಾದಿಗೆ ಉತ್ತರದಲ್ಲಿ, ಶ್ರೀರಂಗಪಟ್ಟಣದ ಬಳಿ, ಕಾವೇರಿಯ ಒಡಲಲ್ಲಿಯೇ ಇದೆ. ಅದೇ ರಂಗನತಿಟ್ಟು.

ಈ ತಿಟ್ಟುಗಳನ್ನು ಹಕ್ಕಿಗಳಿಗಾಗಿ ಯಾರೂ ನಿರ್ಮಿಸಲಿಲ್ಲ. 1638ರಿಂದ 1659ರವರೆಗೆ ಮೈಸೂರನ್ನಾಳಿದ ರಣಧೀರ ಕಂಠೀರವ ನರಸರಾಜ ಒಡೆಯರು 1645-48ರ ಅವಧಿಯಲ್ಲಿ ಇಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆಯನ್ನು ಕಟ್ಟಿಸಿದರು. ಅವರ ಗುರಿ ನೀರನ್ನು ನಾಲೆಗೆ ತಿರುಗಿಸುವುದು. ಆ ಕಾಲದ ಬಂಗಾರದೊಡ್ಡಿ ನಾಲೆ ಹೊಳೆಯ ಕವಲೊಂದನ್ನು ಕಲ್ಲಿನ ಮೇಲ್ಗಾಲುವೆಯ ಮೂಲಕ ದಾಟಿ ಶ್ರೀರಂಗಪಟ್ಟಣದ ನಡುಗಡ್ಡೆಗೆ ನೀರುಣಿಸಿದ್ದನ್ನು ಇತಿಹಾಸಾಸಕ್ತರು ಬಲ್ಲರು. ಕಟ್ಟೆಯಿಂದ ನೀರು ಏರಿ ಹರಡಿದಾಗ, ಹೊಳೆಯ ಪಾತ್ರದಲ್ಲಿದ್ದ ಎತ್ತರದ ಬಂಡೆಗಳೂ ಮಣ್ಣಿನ ದಿಬ್ಬಗಳೂ ನಡುಗಡ್ಡೆಗಳಾಗಿ ನಿಂತವು. ದನಕರು, ನರಿ, ಕಾಡುಬೆಕ್ಕುಗಳು ಸುಲಭವಾಗಿ ಮುಟ್ಟಲಾರದ ತಾಣಗಳಾದವು. ಹೊಳೆಮತ್ತಿ, ಬಿದಿರು, ಕೇದಗೆಗಳು ಬೆಳೆದವು. ಹಕ್ಕಿಗಳು ಬಂದು ನೆಲೆಸಿದವು. ಅರಸರು ರೈತನಿಗೆ ಉಪಕಾರ ಮಾಡಹೊರಟು ಹಕ್ಕಿಗೂ ಉಪಕಾರ ಮಾಡಿದರು. ಆ ಎರಡನೆಯ ಉಪಕಾರ ಅವರ ಅರಿವಿಗೆ ಬಂದಿತ್ತೆಂದು ತಿಳಿಯಲು ಆಧಾರವಿಲ್ಲ.

ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲಿ ಇಲ್ಲಿ ಗೂಡು ಹೂಡುತ್ತವೆ. ಬಾಯ್ಕಳಕ ಕೊಕ್ಕರೆ, ಕರಿತಲೆಯ ಕೆಂಬರಲು, ಬೆಳ್ಳಕ್ಕಿಗಳದು ಮುಂಗಾರಿನ ಸರದಿ. ಬಾಯ್ಕಳಕದ ಕೊಕ್ಕನ್ನು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಗದ್ದೆಯ ಬಸವನಹುಳುವನ್ನು ಹಿಡಿದು ತಿನ್ನಲು ಅದೇ ಅನುಕೂಲ. ಚಮಚದ ಕೊಕ್ಕಿನ ಹಕ್ಕಿ ತೆಳುನೀರಿನಲ್ಲಿ ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುತ್ತದೆ. ಹಗಲೆಲ್ಲ ಬಾವಲಿಗಳು ಕೊಂಬೆಗಳಿಗೆ ತಲೆಕೆಳಗಾಗಿ ಜೋತಿರುತ್ತವೆ. ನೀರುನಾಯಿಗಳೂ ಇವೆ. ಬಂಡೆಗಳ ಮೇಲೆ ಬಾಯ್ದೆರೆದು ಬಿಸಿಲು ಕಾಯಿಸುವ ಮೊಸಳೆಗಳಂತೂ ನೋಡುವವರೆಲ್ಲರ ಕಣ್ಣಿಗೆ ಬೀಳುತ್ತವೆ. ಗೂಡಿನಿಂದ ಜಾರಿದ ಮರಿ ಮೊಸಳೆಯ ಬಾಯಿಗೆ ಬೀಳುವುದುಂಟು. ಅದೇ ಮೊಸಳೆಯಿರುವ ನೀರನ್ನು ಈಜಿ ಗೂಡಿನ ಮರಕ್ಕೆ ಹತ್ತಲು ಬೇರೆ ಬೇಟೆಯ ಪ್ರಾಣಿ ಹಿಂಜರಿಯುವುದೂ ಉಂಟು. ಹಕ್ಕಿಯ ಹಿಕ್ಕೆ ನೀರಿಗೆ ಗೊಬ್ಬರವಾಗುತ್ತದೆ, ಅದರಿಂದ ಮೀನು ಕೊಬ್ಬುತ್ತದೆ. ಇಲ್ಲಿ ಯಾವ ಜೀವವೂ ಒಂಟಿಯಾಗಿ ಬಾಳುತ್ತಿಲ್ಲ.

ಸುಮಾರು ಮುನ್ನೂರು ವರ್ಷ ಈ ನೆಲೆಗೆ ಶಾಸನದ ರಕ್ಷಣೆಯಿರಲಿಲ್ಲ. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದ ಡಾ. ಸಲೀಂ ಅಲಿಯವರು (1896-1987) ಈ ತಿಟ್ಟುಗಳ ಮಹತ್ವವನ್ನು ಮನಗಂಡು ಅರಮನೆಗೆ ಅರಿಕೆ ಮಾಡಿಕೊಂಡರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ನಿಧನರಾಗಿ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದ ವರ್ಷವೂ ಅದೇ. ಚತುರ್ವಿಧ ದಾನಗಳಲ್ಲಿ ಅಭಯದಾನವನ್ನೆಣಿಸುವ ಸಮಾಜಕ್ಕೆ ಈ ಘೋಷಣೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಆದರೆ ಅರಿಕೆ ಮಾಡಿದ ವಿದ್ವಾಂಸರು ಬಂದೂಕನ್ನು ಅರಿಯದವರೇನಲ್ಲ. ಬಾಲ್ಯದಲ್ಲಿ ಗಾಳಿಕೋವಿಯಿಂದ ತಾವೇ ಹೊಡೆದುರುಳಿಸಿದ, ಕೊರಳಲ್ಲಿ ಹಳದಿ ಮಚ್ಚೆಯಿದ್ದ ಗುಬ್ಬಿಯೊಂದು ತಮ್ಮನ್ನು ಪಕ್ಷಿಶಾಸ್ತ್ರಕ್ಕೆ ಎಳೆದ ಸಂಗತಿಯನ್ನು ಅವರು ಮುಚ್ಚಿಡಲಿಲ್ಲ. 1985ರ ಆತ್ಮಕಥೆಗೆ ಆ ಗುಬ್ಬಿಯ ಪತನವನ್ನೇ ಹೆಸರಾಗಿಟ್ಟರು. ಅಧ್ಯಯನಕ್ಕೆಂದು ಹಕ್ಕಿಯನ್ನು ಕೊಂದು ಚರ್ಮವನ್ನು ಕಾದಿಡುವುದು ಆ ತಲೆಮಾರಿನ ಶಾಸ್ತ್ರಜ್ಞರ ಪದ್ಧತಿಯಾಗಿತ್ತು. ಅದನ್ನು ಮೆಚ್ಚಬೇಕಾಗಿಲ್ಲ. ಆ ಕೈಯಿಂದಲೇ ಈ ಅಭಯದ ಅರಿಕೆ ಹೊರಟಿತೆಂಬುದೂ ಅಷ್ಟೇ ನಿಜ.

1940ರ ಘೋಷಣೆ ತಡೆದದ್ದು ಶ್ರಾವಕಾಚಾರದ ಮಾತಿನಲ್ಲಿ ಸಂಕಲ್ಪೀ ಹಿಂಸೆಯನ್ನು: ಕೊಲ್ಲಬೇಕೆಂದೇ ಎತ್ತಿದ ಕೋವಿಯನ್ನು, ಒಡ್ಡಿದ ಬಲೆಯನ್ನು. ಕೃಷಿ, ಕೈಗಾರಿಕೆ, ನಗರಜೀವನಗಳಿಂದ ಸಂಕಲ್ಪವಿಲ್ಲದೆಯೇ ಒದಗುವ ಆರಂಭೀ ಮತ್ತು ಉದ್ಯೋಗೀ ಹಿಂಸೆಗಳು ಆಜ್ಞೆಯ ಆಚೆಗೇ ಉಳಿದವು. ಗೃಹಸ್ಥನು ಅವನ್ನು ಪೂರ್ಣವಾಗಿ ತೊರೆಯಲಾರ, ಯತ್ನಾಚಾರದಿಂದ ತಗ್ಗಿಸಬಲ್ಲ. ರಂಗನತಿಟ್ಟಿನ ಈಚಿನ ಕಷ್ಟಗಳೆಲ್ಲ ಈ ಎರಡನೆಯ ಬಗೆಯವು.

ತಿಟ್ಟುಗಳಿಗೆ ಕೆಲವೇ ಮೈಲಿ ಮೇಲೆ ಕನ್ನಂಬಾಡಿಯ ಕೃಷ್ಣರಾಜಸಾಗರವಿದೆ. 1911ರಲ್ಲಿ ಆರಂಭವಾದ ಆ ಮಹಾಕಾರ್ಯ ಎರಡು ದಶಕಗಳಲ್ಲಿ ಮುಗಿಯಿತು. ಮಂಡ್ಯದ ಬಯಲು ಹಸಿರಾಯಿತು, ಅದರೊಡನೆ ಕೊಕ್ಕರೆಗಳಿಗೆ ಗದ್ದೆಯ ಮೇವೂ ಹೆಚ್ಚಿತು. ಆದರೆ ಅಂದಿನಿಂದ ತಿಟ್ಟಿನ ನೀರು ಮಳೆಯ ಮಾತನ್ನು ಮಾತ್ರ ಕೇಳುವುದಿಲ್ಲ, ಅಣೆಕಟ್ಟಿನ ಬಾಗಿಲುಗಳ ಮಾತನ್ನೂ ಕೇಳುತ್ತದೆ. ಬೇಸಗೆಯಲ್ಲಿ ಹೊಳೆ ಇಳಿದಾಗ ರೀವ ಹಕ್ಕಿ ಗೂಡು ಕಟ್ಟದೆ, ತೆರೆದ ಬಂಡೆ ಅಥವಾ ಮರಳಿನ ಮೇಲೆಯೇ ಮೊಟ್ಟೆಯಿಡುತ್ತದೆ. ಮೊಸಳೆ ದಂಡೆಯ ಮರಳಲ್ಲಿ ಹೂಳುತ್ತದೆ. ಆಗ ಫಸಲಿಗೆಂದು ಒಮ್ಮೆಲೇ ನೀರು ಬಿಟ್ಟರೆ ಆ ಮೊಟ್ಟೆಗಳು ಮುಳುಗುತ್ತವೆ. 2018 ಮತ್ತು 2019ರ ಮಳೆಗಾಲದ ಪ್ರವಾಹದಲ್ಲಂತೂ ತಿಟ್ಟುಗಳೇ ಮುಳುಗಿ, ದೋಣಿವಿಹಾರ ನಿಂತು, ತಗ್ಗಿನ ಗೂಡುಗಳು ಕೊಚ್ಚಿಹೋದವು. ಮಹಾಪೂರ ಬಂದಾಗ ಅಣೆಕಟ್ಟಿನ ಕ್ಷೇಮವೇ ಮೊದಲೆಂಬುದನ್ನು ಯಾರೂ ಅಲ್ಲಗಳೆಯಲಾರರು. ಬೇಸಗೆಯ ಬಿಡುಗಡೆಯ ವಿಷಯ ಹಾಗಲ್ಲ. ಅದನ್ನು ಹಂತಹಂತವಾಗಿ ಏರಿಸಿದರೆ ಗದ್ದೆಗೆ ಸಲ್ಲುವ ನೀರು ಕಡಿಮೆಯಾಗುವುದಿಲ್ಲ. ಮೈಸೂರಿನ ಕುಡಿಯುವ ನೀರಿನ ದೊಡ್ಡ ಪಾಲು ಕಾವೇರಿಯದಾದ್ದರಿಂದ, ಈ ಲೆಕ್ಕದಲ್ಲಿ ಬೋಗಾದಿಯಂತಹ ಬಡಾವಣೆಗಳ ಮನೆಮನೆಯೂ ಸೇರುತ್ತದೆ.

ಆಜ್ಞೆಯ ಬಲವಿಲ್ಲದೆಯೂ ಅಭಯ ನಿಲ್ಲಬಲ್ಲುದೆಂಬುದಕ್ಕೆ ಅದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನಿದರ್ಶನ. ಅಲ್ಲಿ ಊರೊಳಗಿನ ಹುಣಿಸೆ, ಅತ್ತಿ ಮರಗಳಲ್ಲಿಯೇ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮರಿಮಾಡುತ್ತವೆ. ಹಕ್ಕಿ ಕುಳಿತ ಮರದ ಹುಣಿಸೆಯನ್ನು ಬಡಿಯದೆ ನಷ್ಟ ಸಹಿಸಿದ ಮನೆಗಳು ಅಲ್ಲಿವೆ. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರವಾಗುವುದೂ ಸುಳ್ಳಲ್ಲ. ಲಾಭದ ಎಣಿಕೆ ಸ್ವಲ್ಪವಿದ್ದ ಮಾತ್ರಕ್ಕೆ ಆ ಸಹನೆಯ ತೂಕ ಕುಗ್ಗದು. ಸರಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿದ್ದು 2007ರಲ್ಲಿ, ಊರವರ ನಡತೆ ರೂಢಿಯಾಗಿ ಎಷ್ಟೋ ಕಾಲದ ಮೇಲೆ.

ರಂಗನತಿಟ್ಟಿಗೆ 2022ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. 1971ರಲ್ಲಿ ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಆದ ಒಪ್ಪಂದದಂತೆ ಜೌಗುನೆಲೆಗಳ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ತಾಣವಿದು. ಪಕ್ಷಿಧಾಮವೆಂದು ಬಹುಕಾಲ ಎಣಿಸುತ್ತ ಬಂದದ್ದು ಸುಮಾರು 67 ಹೆಕ್ಟೇರ್. ರಾಮ್‌ಸಾರ್ ಪಟ್ಟಿಯಲ್ಲಿ ನಮೂದಾದದ್ದು ಸುಮಾರು 518 ಹೆಕ್ಟೇರ್. ತಿಟ್ಟನ್ನಷ್ಟೇ ಅಲ್ಲ, ಅದನ್ನು ಸುತ್ತುವರಿದ ಹೊಳೆಯನ್ನೂ ಕಾಯಬೇಕೆಂಬ ತಿಳಿವಳಿಕೆ ಈ ಅಂಕಿಗಳ ಅಂತರದಲ್ಲಿ ಕಾಣುತ್ತದೆ.

ಜೂನ್ ಬಂದೊಡನೆ ಬಾಯ್ಕಳಕಗಳು ಕಡ್ಡಿ ಕಚ್ಚಿ ತರತೊಡಗುತ್ತವೆ. ಅದೇ ದಿನಗಳಲ್ಲಿ ಕನ್ನಂಬಾಡಿಯ ನೀರಿನ ಮಟ್ಟ ಪತ್ರಿಕೆಗಳಲ್ಲಿ ನಿತ್ಯವೂ ಅಚ್ಚಾಗುತ್ತದೆ. 124.80 ಅಡಿ ತುಂಬಿತೆಂದು ನಾಡು ಸಂತೋಷಪಟ್ಟು ಬಾಗಿನ ಅರ್ಪಿಸುವ ವೇಳೆಗೆ, ಕೆಳಗಿನ ತಿಟ್ಟುಗಳಲ್ಲಿ ಮೊಟ್ಟೆಗಳೊಡೆದು ಮರಿಗಳು ಬಾಯ್ದೆರೆಯುತ್ತಿರುತ್ತವೆ, ತಗ್ಗಿನ ಕೊಂಬೆಗಳಿಗೆ ನೀರೂ ಏರುತ್ತಿರುತ್ತದೆ.